ಹಳೇ ವಿ-ಕ್ರಾಸ್‌ಗೆ ಎಷ್ಟು ದೊಡ್ಡ ಟೈರು, ಎಷ್ಟು ಎತ್ತರ? ಹಾಕಿ ಓಡಿಸಿ ನೋಡಿದ ಹೋಲಿಕೆ

ಸಸ್ಪೆನ್ಷನ್ ಎತ್ತಿದರೆ ಚಾಸಿ ಮೇಲೇಳುತ್ತದೆ, ಬಂಪರ್ ಮೇಲೇಳುತ್ತದೆ. ಹಿಂದಿನ ಹೌಸಿಂಗ್, ಅಂದರೆ ಎರಡು ಹಿಂಚಕ್ರಗಳ ನಡುವಿನ ಆಕ್ಸಲ್ ಮತ್ತು ಡಿಫರೆನ್ಷಿಯಲ್ ಇರುವ ಕವಚ, ಮಾತ್ರ ಇದ್ದಲ್ಲೇ ಇರುತ್ತದೆ. ಮಳೆಗಾಲದ ತೋಟದ ರಸ್ತೆಯಲ್ಲಿ ಎರಡು ಜಾಡಿನ ನಡುವೆ ಉಳಿದ ದಿಬ್ಬಕ್ಕೆ ಮೊದಲು ತಾಗುವುದು ಆ ಹೌಸಿಂಗಿನ ಹೊಟ್ಟೆ. ಅದನ್ನು ಎತ್ತುವುದು ಟೈರ್ ಒಂದೇ, ಅದೂ ಹೆಚ್ಚಾದ ವ್ಯಾಸದ ಅರ್ಧದಷ್ಟು ಮಾತ್ರ. ಆದ್ದರಿಂದ ಮೊದಲು ಟೈರ್ ಯಾವುದೆಂದು ತೀರ್ಮಾನಿಸಿ, ಆಮೇಲೆ ಅದಕ್ಕೆ ಬೇಕಾದಷ್ಟೇ ಲಿಫ್ಟ್ ಮಾಡಿಸಿ. ಹೆಚ್ಚಿನವರು ಉಲ್ಟಾ ಮಾಡುತ್ತಾರೆ.

ಇಲ್ಲಿ ಹೋಲಿಸಿರುವುದು 2016ರಲ್ಲಿ ನಮ್ಮಲ್ಲಿಗೆ ಬಂದ ಮೊದಲ ಇಸುಜು ಡಿ-ಮ್ಯಾಕ್ಸ್ ವಿ-ಕ್ರಾಸ್ ಪಿಕಪ್‌ಗಳನ್ನು: 2.5 ಲೀಟರ್ ಡೀಸೆಲ್, ಮುಂದೆ ಡಬಲ್ ವಿಶ್‌ಬೋನ್ (ಚಕ್ರ ಹಿಡಿಯುವ ಮೇಲೊಂದು, ಕೆಳಗೊಂದು ಆರ್ಮ್) ಮತ್ತು ಕಾಯಿಲ್ ಸ್ಪ್ರಿಂಗ್, ಹಿಂದೆ ಪ್ಲೇಟ್ ಸೆಟ್ (ಲೀಫ್ ಸ್ಪ್ರಿಂಗ್), ಕಂಪನಿ ಟೈರ್ 245/70 ಆರ್16 (ಅಗಲ 245 ಮಿ.ಮೀ., ಪಕ್ಕದ ಗೋಡೆಯ ಎತ್ತರ ಅಗಲದ ನೂರಕ್ಕೆ 70, ರಿಮ್ 16 ಅಂಗುಲ). ಸಕಲೇಶಪುರ, ಮೂಡಿಗೆರೆ ಕಡೆ ಕಾಫಿ ಮೂಟೆ, ಗೊಬ್ಬರ ಹೊತ್ತು ದುಡಿಯುವ ಗಾಡಿಗಳು.

ಕಂಪನಿ ಟೈರಿನ ವ್ಯಾಸ 749 ಮಿ.ಮೀ. ಬದಲಿಗೆ ನೋಡಿದ್ದು ಮೂರು ಅಳತೆ. 245/75 ಆರ್16 ಅಂದರೆ 774 ಮಿ.ಮೀ., ಹೌಸಿಂಗ್ ಏಳುವುದು 12. 265/70 ಆರ್16 ಅಂದರೆ 777, ಏಳುವುದು 14. 265/75 ಆರ್16 ಅಂದರೆ 804, ಏಳುವುದು 27.

ಕಾಗದದ ಮೇಲೆ ಗೆಲ್ಲುವುದು ಮೂರನೆಯದು. ತೋಟದಲ್ಲಿ ಹಾಗಾಗುವುದಿಲ್ಲ. ಸುತ್ತಳತೆ ನೂರಕ್ಕೆ 7.3 ಹೆಚ್ಚಾದರೆ ಎಲ್ಲ ಗೇರೂ ಅಷ್ಟೇ ಉದ್ದವಾದಂತೆ. ಮೂಟೆ ತುಂಬಿ ಏರು ಹತ್ತುವಾಗ ಎರಡನೇ ಗೇರಿನಲ್ಲಿ ಟರ್ಬೊ ಹಿಡಿಯುವ ಮುಂಚೆಯೇ ಗಾಡಿ ಉಸಿರು ಬಿಡುತ್ತದೆ, ಮೊದಲನೆಯದಕ್ಕೆ ಇಳಿಸಲೇಬೇಕು. ಸ್ಪೀಡೋಮೀಟರ್ ಕಿ.ಮೀ. ಕೂಡ ಕಮ್ಮಿ ತೋರಿಸುವುದರಿಂದ ಮೈಲೇಜ್ ಲೆಕ್ಕ ಹಾಕುವಾಗ ಓಡಿದ ದೂರವನ್ನು 1.07ರಿಂದ ಗುಣಿಸಿ. ಮೈಲೇಜ್ ಪೂರ್ತಿ ಬಿದ್ದುಹೋಯಿತು ಎನ್ನುವವರಲ್ಲಿ ಬಹಳ ಜನ ಈ ಗುಣಾಕಾರ ಮಾಡಿರುವುದಿಲ್ಲ.

ಎರಡನೆಯ ತೊಂದರೆ ಉಜ್ಜುವುದು. ಸ್ಟೀರಿಂಗ್ ಪೂರ್ತಿ ತಿರುಗಿಸಿ ಹಿಂದಕ್ಕೆ ತೆಗೆಯಿರಿ: ಮುಂಚಕ್ರದ ಹಿಂಬದಿಯಲ್ಲಿ, ಕ್ಯಾಬಿನ್ ತಗಡಿನ ಎರಡು ಪದರ ಸೇರಿಸಿ ವೆಲ್ಡ್ ಮಾಡಿದ ಅಂಚಿಗೆ 265/75ರ ಭುಜ, ಅಂದರೆ ಟೈರಿನ ಮೇಲ್ಮೈ ಮತ್ತು ಪಕ್ಕದ ಗೋಡೆ ಸೇರುವ ಅಂಚು, ತಾಗುತ್ತದೆ. ಆ ಅಂಚು ಬಣ್ಣ ಕಳೆದುಕೊಂಡು ಕನ್ನಡಿಯಂತೆ ಹೊಳೆಯುತ್ತದೆ, ಟೈರಿನ ಭುಜದ ಮೇಲೆ ಸುತ್ತಲೂ ನೂಲೆಳೆದಂತೆ ಗೀರು ಬೀಳುತ್ತದೆ. ಲಿಫ್ಟ್ ಮಾಡಿಸಿದರೆ ಇದು ಹೋಗುತ್ತದೆ ಎಂದು ನಂಬಬೇಡಿ. ಚಕ್ರ ಗುಂಡಿಗೆ ಬಿದ್ದು ಸ್ಪ್ರಿಂಗ್ ಪೂರ್ತಿ ಒತ್ತಿದಾಗ ಟೈರ್ ಮೊದಲಿದ್ದ ಜಾಗಕ್ಕೇ ಬರುತ್ತದೆ. ಅಂಚನ್ನು ಸುತ್ತಿಗೆಯಿಂದ ಮಡಚಿ ಒಳಕ್ಕೆ ಕೂರಿಸಿ, ತುಕ್ಕು ಹಿಡಿಯದಂತೆ ಪ್ರೈಮರ್ ಮತ್ತು ಬಣ್ಣ ಹೊಡೆಯಬೇಕು. ಒಳಗಿನ ಪ್ಲಾಸ್ಟಿಕ್ ಲೈನರ್ ಬಿಸಿ ಮಾಡಿ ಹಿಂದಕ್ಕೆ ತಳ್ಳಬೇಕು. ಚಕ್ರ ಹೊರಗೆ ಚಾಚುವ ಡಿಸ್ಕ್ (ರಿಮ್) ಹಾಕಿದರೆ ಉಜ್ಜುವುದು ಇನ್ನೂ ಹೆಚ್ಚುತ್ತದೆ, ಟೈರ್ ಆಗ ದೊಡ್ಡ ಕಮಾನು ಹೊಡೆದು ತಿರುಗುತ್ತದೆ. ಕಂಪನಿ ಡಿಸ್ಕೇ ಇರಲಿ.

ದುಡ್ಡು ಕೊಡುವ ಮುಂಚೆ ಒಂದು ಪರೀಕ್ಷೆ ಮಾಡಿಸಿ. ಹೊಸ ಅಳತೆಯ ಒಂದೇ ಟೈರನ್ನು ಮುಂದೆ ಹಾಕಿ, ಆ ಚಕ್ರವನ್ನು ಗಟ್ಟಿಯಾದ ದಿಮ್ಮಿಯ ಮೇಲೆ ಹತ್ತಿಸಿ, ಸ್ಟೀರಿಂಗ್ ಎರಡೂ ಕಡೆ ಕೊನೆಯವರೆಗೆ ತಿರುಗಿಸಿ. ಎಲ್ಲ ಕಡೆ ಒಂದು ಬೆರಳು ಆಡುವಷ್ಟು ಜಾಗ ಇರಬೇಕು.

265/70 ಮತ್ತು 245/75 ಎತ್ತರದಲ್ಲಿ ಹೆಚ್ಚುಕಮ್ಮಿ ಒಂದೇ, ವ್ಯತ್ಯಾಸ ಅಗಲದಲ್ಲಿ. ಹೆದ್ದಾರಿ ಓಡಾಟವೇ ಜಾಸ್ತಿ ಇದ್ದರೆ 265/70 ಆಲ್ ಟೆರೈನ್ (ಡಾಂಬರು, ಮಣ್ಣು ಎರಡಕ್ಕೂ ಆಗುವ ಟೈರ್) ಒಳ್ಳೆಯದು, ಅಂಗಡಿಯಲ್ಲಿ ಸುಲಭವಾಗಿ ಸಿಗುತ್ತದೆ. ಮಲೆನಾಡಿನ ಕೆಂಪು ಜೇಡಿಗೆ ಮಾತ್ರ ಕಿರಿದಾದ ಟೈರೇ ಮೇಲು. ಮೇಲಿನ ನಾಲ್ಕೈದು ಅಂಗುಲ ಕೆಸರಿನ ಕೆಳಗೆ ಗಟ್ಟಿ ನೆಲ ಇರುತ್ತದೆ, ಕಿರಿದಾದ ಟೈರ್ ಕೆಸರನ್ನು ಕತ್ತರಿಸಿ ಅಲ್ಲಿಗೆ ಮುಟ್ಟುತ್ತದೆ, ಅಗಲದ್ದು ಮೇಲೆಯೇ ತೇಲಿ ಜಾರುತ್ತದೆ. ಹಿಂದಿನವರು ಜೀಪಿಗೆ ಕಿರಿದಾದ 6.00-16 ಟೈರನ್ನೇ ಹಾಕುತ್ತಿದ್ದುದು ಸುಮ್ಮನೆ ಅಲ್ಲ. ನಮ್ಮ ಆಯ್ಕೆ 245/75. ತರಿಸಿಕೊಳ್ಳಲು ಕಾಯಬೇಕಾಗಬಹುದು, ಕಾಯಿರಿ. ಮಡ್ ಟೈರ್ (ಕೆಸರಿಗೆಂದೇ ದೊಡ್ಡ ಗುಬಟು ಇರುವುದು) ಬೇಕೇ ಎಂದರೆ, ಜುಲೈ ತಿಂಗಳಲ್ಲೂ ದಿನಾ ಜೇಡಿ ಏರು ಹತ್ತಬೇಕಾದವರಿಗೆ ಹೌದು. ಶಿರಾಡಿ, ಚಾರ್ಮಾಡಿಯ ಒದ್ದೆ ಡಾಂಬರಿನಲ್ಲಿ ಅದರ ಬ್ರೇಕ್ ಹಿಡಿತ ಆಲ್ ಟೆರೈನ್‌ಗಿಂತ ಕಮ್ಮಿ ಎಂಬುದು ನೆನಪಿರಲಿ. ಖಾಲಿ ಗಾಡಿಗೆ ಕೆಸರಿನಲ್ಲಿ ಗಾಳಿ 20ರಿಂದ 22 ಪಿಎಸ್ಐಗೆ ಇಳಿಸಿ, ಡಾಂಬರಿಗೆ ಬಂದ ತಕ್ಷಣ ತುಂಬಿಸಿ. ಸ್ಟೆಪ್ನಿಯೂ ಅದೇ ಅಳತೆಯದ್ದು ಬೇಕು. ಒಂದು ಚಕ್ರ ಚಿಕ್ಕದಿಟ್ಟುಕೊಂಡು ಫೋರ್ ವೀಲ್ ಹಾಕಿದರೆ ಮುಂದೆ ಹಿಂದೆ ಎರಡೂ ಕಡೆಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸ್ ಒಳಗೊಳಗೇ ಹೆಣೆದುಕೊಂಡಂತೆ ಬಿಗಿಯುತ್ತದೆ.

ಇನ್ನು ಎತ್ತರದ ಮಾತು. ಟೇಪ್ ಹಿಡಿದು ಚಕ್ರದ ನಡುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ನಾಲ್ಕೂ ಮೂಲೆ ಅಳೆದು ಬರೆದುಕೊಳ್ಳಿ. ಹತ್ತು ವರ್ಷ ದುಡಿದ ಗಾಡಿಯ ಸ್ಪ್ರಿಂಗ್ ಕುಸಿದಿರುತ್ತದೆ. 40 ಮಿ.ಮೀ. ಲಿಫ್ಟ್ ಆಯಿತೆಂದು ಖುಷಿಪಡುವಾಗ ಅದರಲ್ಲಿ ಒಂದು ಪಾಲು ಕಳೆದುಹೋದ ಎತ್ತರ ವಾಪಸ್ ಬಂದದ್ದೇ ಆಗಿರುತ್ತದೆ.

ಅಗ್ಗದ ದಾರಿ ಮುಂದಿನ ಶಾಕಿನ ತಲೆಗೆ ಸ್ಪೇಸರ್. 25 ಮಿ.ಮೀ. ಸ್ಪೇಸರ್ ಹಾಕಿದರೆ ಚಕ್ರದ ಬಳಿ 45ರಿಂದ 50 ಏಳುತ್ತದೆ, ಏಕೆಂದರೆ ಶಾಕ್ ಕೂತಿರುವುದು ಕೆಳ ಆರ್ಮಿನ ನಡುಭಾಗದಲ್ಲಿ. ಖಾಲಿ ಗಾಡಿಯಲ್ಲಿ ಮೊದಲ ದಿನ ಓಟದಲ್ಲಿ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಆದರೆ ಇಡೀ ಜೋಡಣೆ ಉದ್ದವಾಗಿರುವುದರಿಂದ ದೊಡ್ಡ ಗುಂಡಿಯಲ್ಲಿ ರಬ್ಬರ್ ಸ್ಟಾಪರ್‌ಗಿಂತ ಮೊದಲು ಶಾಕೇ ತಳ ಮುಟ್ಟುತ್ತದೆ. ಸೀಲ್ ಒಡೆದು ಎಣ್ಣೆ ಇಳಿಯುವುದು ಹೀಗೆ. ಶಾಕ್ ಜೋಡಣೆಯ ಒಳಗೆ, ಸ್ಪ್ರಿಂಗಿನ ತುದಿಗೆ ಹಾಕುವ ಸ್ಪೇಸರ್ ಇನ್ನೊಂದು ಬಗೆ. ಅದು ಸ್ಪ್ರಿಂಗನ್ನು ಮೊದಲೇ ಒತ್ತಿ ಇಡುವುದರಿಂದ ಪ್ರತಿ ಹಂಪ್ ಇಳಿಯುವಾಗ ಟಕ್ ಎಂದು ಶಾಕ್ ಮೇಲಿನ ಕೊನೆಗೆ ಬಡಿಯುತ್ತದೆ. ಎರಡರಲ್ಲಿ ಒಂದನ್ನು ಹಾಕಲೇಬೇಕೆಂದರೆ ತಲೆಯ ಸ್ಪೇಸರ್ ವಾಸಿ.

ಸರಿಯಾದ ದಾರಿ ಭಾರಕ್ಕೆ ತಕ್ಕ ಹೊಸ ಕಾಯಿಲ್, ಅದರ ಉದ್ದಕ್ಕೆ ಹೊಂದುವ ಶಾಕ್, ಹಿಂದೆ ಪೂರ್ತಿ ಹೊಸ ಪ್ಲೇಟ್ ಸೆಟ್. ಖರ್ಚು ಸ್ಪೇಸರಿನ ಎಷ್ಟೋ ಪಟ್ಟು. ಆದರೂ 40 ಮಿ.ಮೀ. ಒಳಗೆ ನಿಲ್ಲಿಸಿದರೆ ಗಾಡಿ ಮೊದಲಿಗಿಂತ ಚೆನ್ನಾಗಿ ಓಡುವುದು ಇದೊಂದರಲ್ಲೇ. ಮುಂದೆ ವಿಂಚ್ (ಸಿಕ್ಕಿಕೊಂಡ ಗಾಡಿ ಎಳೆಯುವ ಯಂತ್ರ), ಲೋಹದ ಬಂಪರ್ ಇಲ್ಲದಿದ್ದರೆ ಭಾರದ ಕಾಯಿಲ್ ತೆಗೆದುಕೊಳ್ಳಬೇಡಿ, ಮೂತಿ ಎದ್ದು ನಿಲ್ಲುತ್ತದೆ. 50 ದಾಟಿದರೆ ಮುಂದಿನ ಡ್ರೈವ್ ಶಾಫ್ಟ್ ಓರೆಯಾಗಿ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ತಿಕ್ಕಿ ಹರಿಯುತ್ತವೆ. ಅಲೈನ್ಮೆಂಟ್ ಮಾಡುವವರಿಗೆ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಸಿಗದೆ ಸ್ಟೀರಿಂಗ್ ತಾನಾಗಿ ನೇರಕ್ಕೆ ಬರುವುದೂ ಕಮ್ಮಿಯಾಗುತ್ತದೆ. ಆಗ ಬೇರೆ ಮೇಲಿನ ಆರ್ಮ್, ಡಿಫರೆನ್ಷಿಯಲ್ ಇಳಿಸುವ ಕಿಟ್ ಎಂದು ಪಟ್ಟಿ ಬೆಳೆಯುತ್ತದೆ.

ಹಿಂದೆ ಉದ್ದದ ಶ್ಯಾಕಲ್ (ಪ್ಲೇಟ್ ಸೆಟ್ಟಿನ ತುದಿಯನ್ನು ಚಾಸಿಗೆ ಸೇರಿಸುವ ಕೊಂಡಿ) ಹಾಕಿದರೆ ಹೆಚ್ಚಿಸಿದ ಉದ್ದದ ಅರ್ಧ ಎತ್ತರ ಸಿಗುತ್ತದೆ, ಜೊತೆಗೆ ಹೌಸಿಂಗ್ ತಿರುಗಿ ಪಿನಿಯನ್ ಕೋನ, ಅಂದರೆ ಪ್ರೊಪೆಲ್ಲರ್ ಶಾಫ್ಟ್ ಬಂದು ಸೇರುವ ಕೋನ, ಬದಲಾಗುತ್ತದೆ. ಪ್ಲೇಟ್ ಮತ್ತು ಹೌಸಿಂಗ್ ನಡುವೆ ಬ್ಲಾಕ್ ಇಟ್ಟರೆ ಏರಿನಲ್ಲಿ ಎಳೆಯುವಾಗ ಪ್ಲೇಟ್ ಎಸ್ ಆಕಾರಕ್ಕೆ ಬಾಗುತ್ತದೆ. ಎರಡೂ ಮೂಟೆ ಹೊರುವ ಗಾಡಿಗಲ್ಲ. ಹಳೆ ಸೆಟ್ಟಿಗೆ ಒಂದು ಪ್ಲೇಟ್ ಸೇರಿಸುವುದು ನಡುವಿನ ದಾರಿ: ಭಾರ ಹೊರುತ್ತದೆ, ಖಾಲಿ ಇದ್ದಾಗ ಕುಣಿಸುತ್ತದೆ. ಯಾವುದೇ ಆದರೂ, ಹೊರಡುವಾಗ 10ರಿಂದ 30 ಕಿ.ಮೀ. ವೇಗದಲ್ಲಿ ನೆಲದಡಿ ನಡುಕ ಬಂದರೆ ಪ್ರೊಪೆಲ್ಲರ್ ಶಾಫ್ಟಿನ ಸೆಂಟರ್ ಬೇರಿಂಗನ್ನು 10 ಮಿ.ಮೀ. ಪ್ಯಾಕಿಂಗ್ ಕೊಟ್ಟು ಇಳಿಸಿ ನೋಡಿ.

ಬಾಡಿ ಲಿಫ್ಟ್, ಅಂದರೆ ಕ್ಯಾಬಿನ್ ಮತ್ತು ಚಾಸಿ ನಡುವೆ ಬ್ಲಾಕ್, ಟೈರಿಗೆ ಜಾಗ ಮಾಡುತ್ತದೆ ನಿಜ. ಸ್ಟೀರಿಂಗ್ ಶಾಫ್ಟ್, ಡೀಸೆಲ್ ತುಂಬುವ ಪೈಪ್, ಗೇರ್ ಲಿವರ್, ಫ್ಯಾನ್ ಕವಚ ಎಲ್ಲವನ್ನೂ ಅದಕ್ಕೆ ತಕ್ಕಂತೆ ಹೊಂದಿಸಬೇಕು. 245/75ಕ್ಕೆ ಇದರ ಅಗತ್ಯವೇ ಇಲ್ಲ.

ಕಾನೂನಿನ ಮಾತನ್ನೂ ಹೇಳಲೇಬೇಕು. ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ಪ್ರಕಾರ ತಯಾರಕರ ವಿವರಕ್ಕೆ ಹೊಂದದ ಬದಲಾವಣೆಗೆ ಅವಕಾಶವಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿದಿದೆ. ತೋಟದ ಗೇಟ್ ದಾಟಿ ಸಾರ್ವಜನಿಕ ರಸ್ತೆಗೆ ಬರುವ ಗಾಡಿಯಾದರೆ ಕೆಲಸಕ್ಕೆ ಕೈ ಹಾಕುವ ಮುಂಚೆಯೇ ಆರ್‌ಟಿಒ ಮತ್ತು ವಿಮೆಯವರ ಬಳಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಜೋಡಿಸುವ ದಿನ ಪಕ್ಕದಲ್ಲೇ ನಿಂತು ನೋಡಬೇಕಾದ್ದು ಎರಡು. ಪ್ಲೇಟ್ ಸೆಟ್ಟನ್ನು ಹೌಸಿಂಗಿಗೆ ಕಟ್ಟುವ ಹಳೇ ಯು-ಬೋಲ್ಟ್ ಮತ್ತೆ ಹಾಕಲು ಬಿಡಬೇಡಿ, ಅದು ಒಮ್ಮೆ ಎಳೆದುಕೊಂಡ ಕಬ್ಬಿಣ. ಆರ್ಮ್, ಶ್ಯಾಕಲ್‌ಗಳ ಬುಷ್ ಬೋಲ್ಟನ್ನು ಗಾಡಿ ಜಾಕಿನ ಮೇಲಿರುವಾಗ ಕೈಬಿಗಿ ಮಾತ್ರ ಮಾಡಿ, ನಾಲ್ಕೂ ಚಕ್ರ ನೆಲಕ್ಕಿಳಿದು ಭಾರ ಕೂತ ಮೇಲೆಯೇ ಪೂರ್ತಿ ಬಿಗಿಯಬೇಕು. ಗಾಳಿಯಲ್ಲಿ ನೇತಾಡುವಾಗಲೇ ಬಿಗಿದರೆ ರಬ್ಬರ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಆಮೇಲೆ ಹಿಂದಿನ ಚಕ್ರ ಪೂರ್ತಿ ಜೋತುಬಿಟ್ಟು ಬ್ರೇಕ್ ಹೋಸ್, ಎಬಿಎಸ್ ವೈರ್ ಎಳೆದುಕೊಳ್ಳುತ್ತಿಲ್ಲವೆಂದು ಖಚಿತಪಡಿಸಿಕೊಳ್ಳಿ, ಹೆಡ್‌ಲೈಟ್ ತಗ್ಗಿಸಿ, ಅಲೈನ್ಮೆಂಟ್ ಮಾಡಿಸಿ. ಚಕ್ರದ ನಟ್ 100 ಕಿ.ಮೀ. ಓಡಿದ ಮೇಲೆ, ಯು-ಬೋಲ್ಟ್ 500 ಕಿ.ಮೀ. ಆದ ಮೇಲೆ ಟಾರ್ಕ್ ಪಾನಾದಿಂದ (ಬಿಗಿ ಎಷ್ಟೆಂದು ತೋರಿಸುವ ಪಾನಾ) ಇನ್ನೊಮ್ಮೆ ಬಿಗಿಸಿ.