ಅಮ್ಮನ ಪಾರ್ಕಿನ್ಸನ್‌ಗೆ ಕರ್ಕ್ಯುಮಿನ್ ಕ್ಯಾಪ್ಸೂಲ್: ಎರಡು ವರ್ಷ ಕೊಟ್ಟು ನೋಡಿದ್ದು

ಐದಕ್ಕೆ ಎರಡೂವರೆ ಸ್ಟಾರ್. ಆ ಎರಡೂವರೆಯೂ ಅಮ್ಮನ ಮಂಡಿಯ ಪಾಲಿನದು.

ಅಮ್ಮನಿಗೆ 71. ಪಾರ್ಕಿನ್ಸನ್ ಅಂತ ಗೊತ್ತಾಗಿ ನಾಲ್ಕು ವರ್ಷ. ಬಲಗೈ ನಡುಗುತ್ತೆ, ಬೆಳಿಗ್ಗೆ ಏಳುವಾಗ ಮೈಯೆಲ್ಲ ಬಿಗಿ. ದಿನಕ್ಕೆ ಮೂರು ಹೊತ್ತು ಈ ಕಾಯಿಲೆಯ ಮಾತ್ರೆ ಲೆವೊಡೋಪಾ-ಕಾರ್ಬಿಡೋಪಾ, ಜೊತೆಗೆ ಹೃದಯಕ್ಕೆಂದು ಆಸ್ಪಿರಿನ್ 75. ಈ ಕಾಯಿಲೆಯಲ್ಲಿ, ಮೈಯ ಚಲನೆಗೆ ಬೇಕಾದ ಡೋಪಮೈನ್ ತಯಾರಿಸುವ ಮೆದುಳಿನ ಜೀವಕೋಶಗಳು ಸಾಯುವ ಕಡೆ ಉರಿಯೂತವೂ ಇರುತ್ತೆ ಅನ್ನೋದು ನಿಜ. ಅರಿಶಿನದಿಂದ ತೆಗೆದ ಕರ್ಕ್ಯುಮಿನ್ ಮಾರುವ ಕಂಪನಿಯವರು ಹಿಡಿದುಕೊಂಡಿರೋದು ಅದೊಂದೇ ಎಳೆ. ಡಬ್ಬಿ ಮೇಲೆ ‘ನರಗಳ ಉರಿಯೂತಕ್ಕೆ’ ಅಂತ ಕಂಡಿದ್ದೇ ತಡ, ತಮ್ಮ ಎರಡು ಡಬ್ಬಿ ತರಿಸಿಬಿಟ್ಟ.

“ಅರಿಶಿನ ದಿನಾ ಸಾರಿಗೆ ಹಾಕ್ತೀವಲ್ಲೇ, ಅದಕ್ಕೂ ಇಷ್ಟು ದುಡ್ಡಾ?” ಅಂದಳು ಅಮ್ಮ. ಲೆಕ್ಕ ಹಾಕಿದೆ. ಅರಿಶಿನದಲ್ಲಿ ಕರ್ಕ್ಯುಮಿನ್ ಇರೋದು ನೂರಕ್ಕೆ ಮೂರರ ಆಸುಪಾಸು. ಒಂದು 500 ಮಿಲಿಗ್ರಾಂ ಕ್ಯಾಪ್ಸೂಲಿನಷ್ಟು ಸಿಗಬೇಕಾದರೆ ಐದು ಟೀ ಚಮಚ ಪುಡಿ ಬೇಕು. ತಿಂದರೂ ಮೈಗೆ ಹತ್ತುವುದು ಕಡಿಮೆ, ಅದಕ್ಕೇ ಕರಿಮೆಣಸಿನ ಪೈಪರಿನ್ ಸೇರಿಸಿರುತ್ತಾರೆ. ಇದನ್ನು 1998ರಲ್ಲಿ ತೋರಿಸಿಕೊಟ್ಟವರು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ಮೆಡಿಕಲ್ ಕಾಲೇಜಿನವರೇ: 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟರೆ ಸುಮಾರು 20 ಪಟ್ಟು ಹೆಚ್ಚು ರಕ್ತಕ್ಕೆ ಸೇರಿತು. ಅಲ್ಲಿಂದ ಮೆದುಳಿಗೆ ಹೋಗಿ ಕೆಲಸ ಮಾಡುತ್ತಾ ಅನ್ನೋದು ಬೇರೆ ಪ್ರಶ್ನೆ.

ಎರಡನೇ ತಿಂಗಳಿಗೆ ಅಮ್ಮನ ನಡಿಗೆ ಸುಧಾರಿಸಿತು. ಗೋಡೆ ಹಿಡಿಯದೆ ಹಿತ್ತಿಲಿಗೆ ಹೋಗಿ ಬರತೊಡಗಿದಳು. ನಾನಂತೂ ನೆಂಟರಿಗೆಲ್ಲ ಫೋನ್ ಮಾಡಿ ಹೇಳಿದ್ದೂ ಆಯ್ತು.

ಸುಳಿವು ಸಿಕ್ಕಿದ್ದು ಕ್ಯಾಲೆಂಡರಿನಲ್ಲಿ. ಹಾಲಿನ ಲೆಕ್ಕ ಅಮ್ಮನೇ ದಿನಾ ಅದರ ಮೇಲೆ ಬರೆಯೋದು. ಪಾರ್ಕಿನ್ಸನ್‌ನಲ್ಲಿ ಕೈಬರಹ ಕಿರಿದಾಗುತ್ತಾ ಹೋಗುತ್ತೆ. ಹಳೇ ಹಾಳೆಗಳನ್ನು ತಿರುವಿದರೆ ಅಮ್ಮ ಬರೆದ ಅಂಕಿಗಳ ಗಾತ್ರ ತಿಂಗಳಿಂದ ತಿಂಗಳಿಗೆ ಸಣ್ಣಗಾಗುತ್ತಲೇ ಇತ್ತು. ಕ್ಯಾಪ್ಸೂಲ್ ಶುರುವಾದ ಮೇಲೂ ಹಾಗೇ. ನ್ಯೂರಾಲಜಿ ಡಾಕ್ಟರನ್ನು ಕೇಳಿ ಆರು ವಾರ ನಿಲ್ಲಿಸಿದೆವು. ನಡುಕ ಏರಲೂ ಇಲ್ಲ, ಇಳಿಯಲೂ ಇಲ್ಲ. ಮೂರನೇ ವಾರಕ್ಕೆ ಮಾತ್ರ, “ಮಂಡಿ ಹಿಡ್ಕೊಂಡಿದೆ ಕಣೆ” ಅಂದಳು. ಸವೆದ ಮಂಡಿಯ ನೋವು ಇಳಿದಿದ್ದಕ್ಕೆ ನಡಿಗೆ ಹಗುರಾಗಿತ್ತು, ಅಷ್ಟೇ.

ಇನ್ನು ನಮ್ಮ ತಪ್ಪುಗಳು. ಹಲ್ಲು ಕೀಳಿಸಲು ಹೋದಾಗ ಬೇರೆ ಏನಾದರೂ ತಗೊಳ್ತೀರಾ ಅಂತ ಕೇಳಿದ್ದರು. ಆಸ್ಪಿರಿನ್ ಹೇಳಿದೆ, ಅರಿಶಿನದ್ದು ಬಾಯಿಗೇ ಬರಲಿಲ್ಲ. ಅಂದು ರಾತ್ರಿವರೆಗೂ ರಕ್ತ ಜಿನುಗಿತು. ಆಸ್ಪಿರಿನ್ ಇತ್ತು, ಸರಿ. ಆದರೆ ಕರ್ಕ್ಯುಮಿನ್ ಕೂಡ ರಕ್ತ ಹೆಪ್ಪುಗಟ್ಟೋದನ್ನು ತುಸು ತಡೆಯಬಲ್ಲದು ಅಂತ ಆಮೇಲೆ ಗೊತ್ತಾಯಿತು. ಅರಿಶಿನದ ಕ್ಯಾಪ್ಸೂಲುಗಳಿಂದ ಲಿವರ್‌ಗೆ ಪೆಟ್ಟು ಬಿದ್ದ ಪ್ರಕರಣಗಳೂ ಇವೆ, ಹಾಗಾಗಿ ಆರು ತಿಂಗಳಿಗೊಮ್ಮೆ ಎಲ್‌ಎಫ್‌ಟಿ (ಲಿವರ್ ಸರಿಯಿದೆಯಾ ಅಂತ ನೋಡುವ ರಕ್ತಪರೀಕ್ಷೆ) ಮಾಡಿಸುತ್ತೇವೆ. ಇದುವರೆಗೆ ಸರಿಯಿದೆ. ಖಾಲಿ ಹೊಟ್ಟೆಗೆ ಕೊಟ್ಟರೆ ಹುಳಿತೇಗು, ಊಟದ ಮೇಲೆ ಕೊಟ್ಟರೆ ತೊಂದರೆಯಿಲ್ಲ.

ಅದಕ್ಕಿಂತ ದೊಡ್ಡ ಎಡವಟ್ಟು ನಸುಗುನ್ನಿ ಬೀಜದ ಪುಡಿ. ‘ಕಂಪವಾತಕ್ಕೆ ರಾಮಬಾಣ’ ಅಂತ ಯಾರೋ ಕೊಟ್ಟರು, ಮಾತ್ರೆ ಜೊತೆಗೇ ಒಂದು ಚಮಚ ಹಾಕಿದೆವು. ನಾಲ್ಕನೇ ದಿನ ವಾಂತಿ, ಕತ್ತು-ಭುಜ ತಾವಾಗೇ ತಿರುಚಿಕೊಳ್ಳೋದು. ಆ ಬೀಜದಲ್ಲಿರೋದು ಲೆವೊಡೋಪಾನೇ. 1937ರಲ್ಲೇ ನಮ್ಮ ದೇಶದವರು ಅದನ್ನು ಬೇರ್ಪಡಿಸಿದ್ದರು. ಅಂದರೆ ಮಾತ್ರೆಯ ಮೇಲೆ ಅಳತೆಯಿಲ್ಲದ ಇನ್ನೊಂದು ಮಾತ್ರೆ ನುಂಗಿಸಿದ ಹಾಗೆ. ಡಾಕ್ಟರ ಕೈಲಿ ಚೆನ್ನಾಗಿ ಬೈಸಿಕೊಂಡೆ.

ಕ್ಯಾಪ್ಸೂಲ್ ಈಗಲೂ ದಿನಕ್ಕೊಂದು ನಡೆದಿದೆ, ಡಾಕ್ಟರ ಚೀಟಿಯಲ್ಲಿ ‘ಮಂಡಿಗೆ’ ಅಂತ ಬರೆಸಿಕೊಂಡು. ತಮ್ಮ ಈ ಸಲ ಅಶ್ವಗಂಧ ತಂದಿದ್ದಾನೆ. ಸೀಲ್ ಒಡೆಯದೆ ಫ್ರಿಜ್ ಮೇಲಿದೆ; ಮುಂದಿನ ಭೇಟಿಗೆ ಡಬ್ಬಿಯನ್ನೇ ಡಾಕ್ಟರ ಮೇಜಿನ ಮೇಲಿಟ್ಟು ಕೇಳೋದು.