ಹಳೆ ಇಂಡಿಗೋ ಮರೀನಾ ಕೊಂಡು ಮನೆಯಲ್ಲೇ ಸರಿ ಮಾಡುವವರಿಗೆ: ಹುಬ್ಬಳ್ಳಿಯಿಂದ ಒಂದು ರಿವ್ಯೂ

ಮೊದಲೇ ಹೇಳಿಬಿಡುತ್ತೇನೆ. ಮನೆ ಮುಂದೆ ನೆರಳಿನ ಜಾಗ ಇದ್ದು, ರಜೆಯ ದಿನ ಕೈ ಕಪ್ಪು ಮಾಡಿಕೊಳ್ಳಲು ಬೇಜಾರಿಲ್ಲದವರಿಗೆ ಟಾಟಾ ಇಂಡಿಗೋ ಮರೀನಾ ತುಂಬಾ ಒಳ್ಳೆಯ ಗಾಡಿ. ಆದರೆ ಕೊಳ್ಳುವಾಗ ಇದನ್ನು ಹಿಂದಿನಿಂದ ನೋಡಬೇಕು. ಎಲ್ಲರೂ ಬಾನೆಟ್ ಎತ್ತಿ ಎಂಜಿನ್ ಸದ್ದು ಕೇಳುತ್ತಾರೆ. ಮರೀನಾದಲ್ಲಿ ಎಂಜಿನ್ ಚಿಂತೆ ಆಮೇಲಿನದು. ಡಿಕ್ಕಿ ಬಾಗಿಲು, ಅದರ ಗಾಜು, ಸುತ್ತಲಿನ ರಬ್ಬರು, ಹಿಂದಿನ ದೀಪ, ಡಿಕ್ಕಿ ನೆಲದ ತಗಡು, ಇಷ್ಟು ಗಟ್ಟಿ ಇದ್ದರೆ ಉಳಿದದ್ದನ್ನೆಲ್ಲ ಹುಬ್ಬಳ್ಳಿಯಲ್ಲೇ ಸರಿ ಮಾಡಬಹುದು. ಇವೆಲ್ಲ ಹೋಗಿದ್ದರೆ ಗಾಡಿ ಪುಕ್ಕಟೆ ಸಿಕ್ಕರೂ ಬೇಡ.

ಯಾಕೆ ಅಂತ ಸ್ವಲ್ಪ ವಿವರವಾಗಿ ಹೇಳಬೇಕು. ಟಾಟಾದವರು 1998ರ ಕೊನೆಗೆ ಇಂಡಿಕಾ ತಂದರು. 2002ರಲ್ಲಿ ಅದಕ್ಕೊಂದು ಡಿಕ್ಕಿ ಸೇರಿಸಿ ಇಂಡಿಗೋ ಮಾಡಿದರು. 2004ರಲ್ಲಿ ಅದೇ ಇಂಡಿಗೋದ ಛಾವಣಿಯನ್ನು ಹಿಂದಿನ ತನಕ ಎಳೆದು ಮರೀನಾ ಬಂತು. ಹಾಗಾಗಿ ಎಂಜಿನ್, ಗೇರ್‌ಬಾಕ್ಸ್, ಬಾನೆಟ್, ಮುಂದಿನ ಗಾಜು, ಡ್ಯಾಶ್‌ಬೋರ್ಡ್ ಎಲ್ಲ ಇಂಡಿಗೋ ಕುಟುಂಬದ್ದೇ. ಹಿಂಭಾಗ ಮಾತ್ರ ಮರೀನಾದ್ದು ಮರೀನಾಗೇ. ಹೀಗೆ ಛಾವಣಿ ಹಿಂದಿನ ತನಕ ಬರುವ ಎಸ್ಟೇಟ್ ಕಾರು ನಮ್ಮ ದೇಶದಲ್ಲಿ ಯಾವತ್ತೂ ಚೆನ್ನಾಗಿ ಮಾರಾಟ ಆಗಲಿಲ್ಲ. 1992ರ ಟಾಟಾ ಎಸ್ಟೇಟ್, ಬಲೆನೊ ಅಲ್ಟುರಾ, ಸಿಯೆನಾ ವೀಕೆಂಡ್, ಆಕ್ಟೇವಿಯಾ ಕಾಂಬಿ, ಯಾವುದೂ ಸೆಡಾನ್‌ಗಳಷ್ಟು ಮಾರಾಟ ಆಗಲಿಲ್ಲ. ಜನರಿಗೆ ಪ್ರತ್ಯೇಕ ಡಿಕ್ಕಿ ಇರುವ ಕಾರೇ ಬೇಕಿತ್ತು, ಇದು ಆಂಬುಲೆನ್ಸ್ ಥರ ಕಾಣುತ್ತದೆ ಅಂದವರೂ ಇದ್ದರು. ಕಡಿಮೆ ಮಾರಾಟ ಆದ ಗಾಡಿಗೆ ಹಿಂಭಾಗದ ಪಾರ್ಟೂ ಕಡಿಮೆ. ಅದೇ ಕಾರಣಕ್ಕೆ ಇವತ್ತು ಸಸ್ತಾ ಸಿಗುತ್ತದೆ ಅನ್ನುವುದೂ ನಿಜ.

ನನ್ನದು 2007ರ ಡೀಸೆಲ್ ಗಾಡಿ, ಕೆಎ-26, ಅಂದರೆ ಗದಗ ಪಾಸಿಂಗ್. ಬೆಟಗೇರಿಯಲ್ಲಿ ಸೀರೆ ವ್ಯಾಪಾರ ಮಾಡುವ ಮನೆಯವರದು. ಸೀರೆ ಗಂಟು ತುಂಬಿಕೊಂಡು ಊರೂರು ಸುತ್ತಿದ ಗಾಡಿ, ಆದರೆ ಮನೆಯಲ್ಲಿ ನೆರಳಿಗೆ ನಿಲ್ಲಿಸುತ್ತಿದ್ದರು. 80 ಸಾವಿರಕ್ಕೆ ತಂದೆ. ನವನಗರದ ನಮ್ಮ ಮನೆಯ ಶೆಡ್ಡಿನಲ್ಲಿ ನಿಲ್ಲಿಸಿ ಬಿಚ್ಚಲು ಶುರು ಮಾಡಿದೆ.

ಈಗ ಹಿಂಭಾಗ ನೋಡುವುದು ಹೇಗೆ ಅಂತ. ಡಿಕ್ಕಿ ಬಾಗಿಲು ಎತ್ತಿ ಕೈ ಬಿಡಿ. ತಾನೇ ನಿಲ್ಲದೆ ಕೆಳಗೆ ಬಂದರೆ ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಹೋಗಿದೆ ಅಂತ ಅರ್ಥ. ಅದು ದೊಡ್ಡ ಖರ್ಚಲ್ಲ, ಉದ್ದ ಮತ್ತು ಮೈಮೇಲೆ ಬರೆದ ನ್ಯೂಟನ್ ಅಂಕಿ ಹೊಂದಿಸಿ ಬೇರೆ ಹಾಕಿದರೆ ಆಯಿತು. ಆದರೆ ತಲೆ ಮೇಲೆ ಬೀಳುವ ಬಾಗಿಲು, ಮನೆಯಲ್ಲಿ ಮಕ್ಕಳಿದ್ದರೆ ಮೊದಲ ದಿನವೇ ಬದಲಿಸಿ. ಆಮೇಲೆ ಬಾಗಿಲಿನ ಕೆಳಗಿನ ಅಂಚು ನೋಡಿ. ತಗಡು ಮಡಚಿ ಒತ್ತಿರುವ ಜಾಗ ಅದು. ಮಳೆ ನೀರು ಅಲ್ಲೇ ಕೂರುತ್ತದೆ, ಅಲ್ಲೇ ಜಂಗು ಹಿಡಿಯುತ್ತದೆ. ಪೇಂಟಿನ ಕೆಳಗೆ ಗುಳ್ಳೆ ಎದ್ದಿದ್ದರೆ ಒಳಗೆ ಇನ್ನೂ ಜಾಸ್ತಿ ಹೋಗಿರುತ್ತದೆ. ಕಾರ್ಪೆಟ್ ಎತ್ತಿ ನೆಲದ ತಗಡಿಗೆ ಸ್ಕ್ರೂಡ್ರೈವರಿನ ಹಿಡಿಯಿಂದ ಬಡಿಯಿರಿ. ಗಟ್ಟಿ ತಗಡು ಠಣ್ ಅನ್ನುತ್ತದೆ, ತಿಂದುಹೋದ ತಗಡು ಮೆತ್ತಗೆ ಸದ್ದು ಮಾಡುತ್ತದೆ. ಒಂದು ಬಕೆಟ್ ನೀರು ತಂದು ಛಾವಣಿಯಿಂದ ನಿಧಾನವಾಗಿ ಸುರಿಯಿರಿ. ನೀರು ಒಳಗೆ ಬರುವುದು ದೀಪದ ಹಿಂದಿನ ಗ್ಯಾಸ್ಕೆಟ್ಟಿನಿಂದಲಾ, ಗಾಜಿನ ರಬ್ಬರಿನಿಂದಲಾ, ರೂಫ್ ರೇಲ್ ಬುಡದಿಂದಲಾ ಗೊತ್ತಾಗುತ್ತದೆ. ಮಾರುವವರು ಬೇಡ ಅಂದರೆ ಗಾಡಿಯೂ ಬೇಡ.

ನಮ್ಮ ಕಡೆ ಇನ್ನೊಂದು ಸಮಸ್ಯೆ ಇದೆ, ಧೂಳು. ಗದಗ, ಅಣ್ಣಿಗೇರಿ, ನವಲಗುಂದದ ಎರಿ ಮಣ್ಣು ಬಾಗಿಲಿನ ಒಳಗೆ ಹೋಗಿ ಕೆಳಗಿನ ಸಣ್ಣ ನೀರಿನ ತೂತುಗಳನ್ನು ಮುಚ್ಚಿಬಿಡುತ್ತದೆ. ಎರಿ ಮಣ್ಣು ನೀರು ಹೀರಿಕೊಂಡು ಬೇಗ ಬಿಡುವುದಿಲ್ಲ, ರೈತರಿಗೆ ಅದು ಭಾಗ್ಯ, ತಗಡಿಗೆ ಶತ್ರು. ಬಾಗಿಲು, ರನ್ನಿಂಗ್ ಬೋರ್ಡು, ಡಿಕ್ಕಿ ಬಾಗಿಲು, ಎಲ್ಲಾ ಕಡೆ ತಂತಿ ಹಾಕಿ ಆ ತೂತುಗಳನ್ನು ಬಿಡಿಸಿ. ಖರ್ಚಿಲ್ಲದ ಕೆಲಸ, ಆದರೆ ಇದರಷ್ಟು ಉಪಯೋಗದ ಕೆಲಸ ಮತ್ತೊಂದಿಲ್ಲ.

ಡಿಕ್ಕಿ ರಬ್ಬರಿನ ಬಗ್ಗೆ ಒಂದು ಮಾತು ಗಂಭೀರವಾಗಿ ಹೇಳುತ್ತೇನೆ. ಎಸ್ಟೇಟ್ ಕಾರಿನ ಬೆನ್ನು ಚಪ್ಪಟೆ. ಓಡುವಾಗ ಅದರ ಹಿಂದೆ ಗಾಳಿಯ ಒತ್ತಡ ಕಡಿಮೆಯಾಗಿ, ಸೈಲೆನ್ಸರ್ ಹೊಗೆ ಗಾಡಿಯ ಬೆನ್ನಿಗೇ ಸುತ್ತಿಕೊಳ್ಳುತ್ತದೆ. ರಬ್ಬರು ಒಣಗಿ ಸಂದು ಬಿಟ್ಟಿದ್ದರೆ ಆ ಹೊಗೆ ಒಳಗೆ ಬರುತ್ತದೆ. ಡೀಸೆಲ್ ವಾಸನೆ ಅಂತ ಸುಮ್ನೆ ಬಿಡಬೇಡಿ, ಅದರಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ, ಅದಕ್ಕೆ ವಾಸನೆಯೇ ಇಲ್ಲ. ರಬ್ಬರಿನ ನಡುವೆ ಒಂದು ಹಾಳೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಸಲೀಸಾಗಿ ಬಂದರೆ ಆ ಜಾಗದಲ್ಲಿ ರಬ್ಬರು ಕೂತಿಲ್ಲ. ಮರೀನಾದ್ದೇ ರಬ್ಬರು ಸಿಗದಿದ್ದರೆ ಅದೇ ಆಕಾರದ ರಬ್ಬರನ್ನು ಮೀಟರ್ ಲೆಕ್ಕದಲ್ಲಿ ಕೊಡುವ ಅಂಗಡಿಗಳಿವೆ, ಹಳೆ ತುಂಡು ಕತ್ತರಿಸಿ ಜೊತೆಗೆ ಒಯ್ಯಿರಿ. ಜೋಡಣೆ ಕೆಳಭಾಗದ ನಡುವೆ ಬರಲಿ, ಮೇಲೆ ಬಂದರೆ ನೀರು ಇಳಿಯುತ್ತದೆ.

ಜಂಗಿನ ಕೆಲಸಕ್ಕೆ ಮೊದಲು ಒಂದು ಪೇಂಟಿಂಗ್ ಗ್ಯಾರೇಜಿಗೆ ಒಯ್ದಿದ್ದೆ, ಹೆಸರು ಬೇಡ. ಗುಳ್ಳೆ ಎದ್ದ ಜಾಗ ತಿಕ್ಕಿ, ಮೇಲೆ ಪುಟ್ಟಿ ತುಂಬಿ, ಪೇಂಟ್ ಹೊಡೆದು ಕೊಡುತ್ತೇವೆ ಅಂದರು. ತೂತು ಬಿದ್ದ ತಗಡಿಗೆ ಪುಟ್ಟಿನಾ? ಅಲ್ಲಿಂದ ಗಾಡಿ ವಾಪಸ್ ತಂದೆ. ಪುಟ್ಟಿ ತೇವ ಹೀರುತ್ತದೆ. ಒಂದೇ ಮಳೆಗಾಲಕ್ಕೆ ಗುಳ್ಳೆ ಮತ್ತೆ ಎದ್ದು ಬರುತ್ತದೆ, ಅಷ್ಟರಲ್ಲಿ ಒಳಗಿನ ತಗಡು ಇನ್ನಷ್ಟು ಹೋಗಿರುತ್ತದೆ. ಹೊಳೆಯುವ ಪೇಂಟ್ ನೋಡಿ ದುಡ್ಡು ಕೊಡುವವರು ಇರುವ ತನಕ ಈ ಕೆಲಸ ನಡೆಯುತ್ತಲೇ ಇರುತ್ತದೆ, ಇದು ನನಗೆ ನಿಜಕ್ಕೂ ಸಿಟ್ಟು ಬರಿಸುವ ವಿಷಯ.

ಸರಿಯಾದ ದಾರಿ ಇದು. ಜಂಗನ್ನು ವೈರ್ ಬ್ರಷ್ಷಿನಿಂದ ಬಿಳಿ ತಗಡು ಕಾಣುವ ತನಕ ತೆಗೆಯಬೇಕು. ತೂತು ಬಿದ್ದಿದ್ದರೆ ಕತ್ತರಿಸಿ ಹೊಸ ತಗಡು ಕೂರಿಸಬೇಕು. ತೆಳು ತಗಡಿಗೆ ಆರ್ಕ್ ವೆಲ್ಡಿಂಗ್ ಬೇಡ, ಸುಟ್ಟು ತೂತು ಬೀಳುತ್ತದೆ. ಸಿಒಟು (ಕಾರ್ಬನ್ ಡೈಆಕ್ಸೈಡ್ ಗ್ಯಾಸಿನ) ವೆಲ್ಡಿಂಗ್ ಮಾಡುವವರು ಗೋಕುಲ ರಸ್ತೆ ಕಡೆ ಸಿಗುತ್ತಾರೆ, ಮನೆಗೇ ಬಂದು ಮಾಡಿಕೊಡುವವರೂ ಇದ್ದಾರೆ. ಒಂದೇ ಸಲ ಉದ್ದಕ್ಕೆ ಎಳೆಯದೆ ಅಲ್ಲೊಂದು ಇಲ್ಲೊಂದು ಚುಕ್ಕಿ ಇಟ್ಟು, ತಣ್ಣಗಾಗಲು ಬಿಟ್ಟು ಮಾಡಿದರೆ ತಗಡು ಸೊಟ್ಟ ಆಗುವುದಿಲ್ಲ. ಅದಕ್ಕೂ ಮೊದಲು ಬ್ಯಾಟರಿ ಕೇಬಲ್ ಬಿಚ್ಚಿ, ಕಾರ್ಪೆಟ್ ಮತ್ತು ಸೀಟು ತೆಗೆದು, ಪಕ್ಕದಲ್ಲಿ ನೀರು ಇಟ್ಟುಕೊಳ್ಳಿ. ಟ್ಯಾಂಕಿನ ಹತ್ತಿರದ ಕೆಲಸ ಆದರೆ ಟ್ಯಾಂಕು ಇಳಿಸಲೇಬೇಕು. ಸಣ್ಣ ಚುಕ್ಕಿ ಜಂಗು ಉಳಿದ ಕಡೆ ಫಾಸ್ಫೋರಿಕ್ ಆಸಿಡ್ ಇರುವ ರಸ್ಟ್ ಕನ್ವರ್ಟರ್ ಹಚ್ಚಿ, ಡಬ್ಬಿ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಆಮೇಲೆ ಎಪಾಕ್ಸಿ ಪ್ರೈಮರ್. ಜೋಡಣೆಗಳಿಗೆ ಪಿಯು (ಪಾಲಿಯುರೆಥೇನ್) ಸೀಲಂಟ್. ಹುಳಿ ವಿನೆಗರ್ ವಾಸನೆ ಬರುವ ಸಾದಾ ಸಿಲಿಕಾನ್ ಮಾತ್ರ ಹಚ್ಚಬೇಡಿ, ಅದರಿಂದ ಹೊರಬರುವ ಅಸಿಟಿಕ್ ಆಸಿಡ್ಡೇ ತಗಡಿಗೆ ಜಂಗು ಹಿಡಿಸುತ್ತದೆ. ಈ ಕೆಲಸಕ್ಕೆ ನವೆಂಬರ್‌ನಿಂದ ಫೆಬ್ರುವರಿ ಒಳ್ಳೆಯದು. ಶ್ರಾವಣದ ಜಿಟಿಜಿಟಿ ಮಳೆಯಲ್ಲಿ, ಅದರಲ್ಲೂ ಧಾರವಾಡದ ಹವೆಯಲ್ಲಿ ಪ್ರೈಮರ್ ಹೊಡೆದರೆ ಕೆಳಗೆ ತೇವ ಉಳಿಯುತ್ತದೆ.

ಎಂಜಿನ್ ವಿಷಯದಲ್ಲಿ ನನಗೆ ಸಂತೋಷವೇ ಜಾಸ್ತಿ. 1405 ಸಿಸಿ ಟರ್ಬೊ ಡೀಸೆಲ್. ಟಾಟಾ ಏಸ್‌ನ 702 ಸಿಸಿ ಎರಡು ಸಿಲಿಂಡರ್ ಎಂಜಿನ್ ಇದರ ಅರ್ಧ ಭಾಗವೇ. ಅಮರಗೋಳದ ಎಪಿಎಂಸಿ ಮುಂದೆ ಸಾಲಾಗಿ ನಿಲ್ಲುವ ಏಸ್‌ಗಳನ್ನು, ಒಂದು ಕಾಲದ ಇಂಡಿಕಾ ಟ್ಯಾಕ್ಸಿಗಳನ್ನು ರಿಪೇರಿ ಮಾಡಿ ಮಾಡಿ ನಮ್ಮ ಮಿಸ್ತ್ರಿಗಳಿಗೆ ಈ ಎಂಜಿನ್ ಬಾಯಿಪಾಠ ಆಗಿದೆ. ನನಗೆ ಸಹಾಯ ಮಾಡಿದ ಹಿರಿಯ ಮಿಸ್ತ್ರಿ ಹೇಳಿದ್ದು ಇಷ್ಟೇ: "ಸರ್, ಎಂಜಿನ್ ನಿಮ್ಮನ್ನ ಕೈ ಬಿಡಂಗಿಲ್ರಿ. ತಗಡು ಉಳಿಸ್ಕೋರಿ, ಗಾಡಿ ಉಳೀತೈತಿ." ಡೀಸೆಲ್ ಪಂಪು ಮೆಕ್ಯಾನಿಕಲ್, ಸ್ಕ್ಯಾನರ್ ಬೇಕಿಲ್ಲ. ಇಂಡಿಗೋ ಕುಟುಂಬಕ್ಕೆ ಆಮೇಲೆ ಬಂದ, ಕಂಪ್ಯೂಟರ್ ಹಿಡಿತದಲ್ಲಿ ಓಡುವ ಡೈಕೋರ್ ಕಾಮನ್ ರೇಲ್ ಎಂಜಿನ್ ಆದರೆ ಮನೆ ಕೆಲಸಕ್ಕೆ ಅಷ್ಟು ಸುಲಭ ಅಲ್ಲ, ಕೊಳ್ಳುವಾಗ ಯಾವ ಎಂಜಿನ್ ಅಂತ ಕೇಳಿಕೊಳ್ಳಿ.

ತಂದ ತಕ್ಷಣ ಬದಲಿಸಬೇಕಾದದ್ದು ಟೈಮಿಂಗ್ ಬೆಲ್ಟ್, ಅಂದರೆ ವಾಲ್ವುಗಳನ್ನು ಪಿಸ್ಟನ್‌ಗೆ ಹೊಂದಿಸಿ ಓಡಿಸುವ ರಬ್ಬರ್ ಪಟ್ಟಿ. ಯಾವಾಗ ಹಾಕಿದ್ದು ಅಂತ ಬಿಲ್ ಇಲ್ಲದಿದ್ದರೆ ಬಾಯಿಮಾತು ನಂಬಬೇಡಿ. ಗಾಡಿ ಓಡದೆ ನಿಂತಿದ್ದರೂ ರಬ್ಬರಿಗೆ ವಯಸ್ಸಾಗುತ್ತದೆ. ಬೆಲ್ಟ್ ಕಿತ್ತರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ, ಹೆಡ್ ಬಿಚ್ಚುವ ಕೆಲಸ. ಟೆನ್ಷನರ್, ವಾಟರ್ ಪಂಪ್ ಜೊತೆಗೇ ಬದಲಿಸಿ. ಬೆಳಿಗ್ಗೆ ಸೆಲ್ಫ್ ಹೊಡೆದರೂ ಬೇಗ ಎತ್ತದೆ ಬಿಳಿ ಹೊಗೆ ಬಿಟ್ಟರೆ ಮೊದಲು ಹೀಟರ್ ಪ್ಲಗ್ ನೋಡಿ, ಒಂದೊಂದೇ ಬಿಚ್ಚಿ ಮಲ್ಟಿಮೀಟರ್ ಹಿಡಿದರೆ ಸತ್ತದ್ದು ಯಾವುದು ಅಂತ ಗೊತ್ತಾಗುತ್ತದೆ. ಕಪ್ಪು ಹೊಗೆ ಆದರೆ ಏರ್ ಫಿಲ್ಟರ್, ಆಮೇಲೆ ನಾಜಲ್ ಮತ್ತು ಪಂಪ್ ಕ್ಯಾಲಿಬ್ರೇಷನ್. ಇದು ಮನೆಯಲ್ಲಿ ಆಗುವುದಿಲ್ಲ, ಡೀಸೆಲ್ ಪಂಪ್ ಅಂಗಡಿಗೇ ಕೊಡಬೇಕು. ರೇಡಿಯೇಟರಿಗೆ ಬೋರ್‌ವೆಲ್ ನೀರು ಹಾಕಬೇಡಿ. ನಮ್ಮ ಕಡೆಯ ಸವಳು ನೀರು ಒಳಗೆ ಸುಣ್ಣ ಕಟ್ಟಿಸುತ್ತದೆ. ಕೂಲಂಟಿಗೆ ಡಿಸ್ಟಿಲ್ಡ್ ವಾಟರ್ ಬೆರೆಸಿ ಹಾಕಿ.

ಶಾಕ್ ಅಬ್ಸಾರ್ಬರ್, ಲೋವರ್ ಆರ್ಮ್, ಬುಷ್, ಬ್ರೇಕ್ ಪೈಪು ಇವೆಲ್ಲ ಬೇರೆ ಹಳೆ ಗಾಡಿಗಳ ಹಾಗೇ, ಪಿ.ಬಿ. ರಸ್ತೆಯ ಅಂಗಡಿಗಳಲ್ಲಿ ಸಿಗುತ್ತವೆ. ಒಂದೇ ಮಾತು: ಬರೀ ಜಾಕ್ ಮೇಲೆ ನಿಂತ ಗಾಡಿಯ ಕೆಳಗೆ ಮಲಗಬೇಡಿ. ಕಬ್ಬಿಣದ ಸ್ಟ್ಯಾಂಡ್ ತಂದುಕೊಳ್ಳಿ, ಇಟ್ಟಿಗೆ ಕಲ್ಲು ಬೇಡವೇ ಬೇಡ.

ವೈರಿಂಗಿನಲ್ಲಿ ಎಸ್ಟೇಟ್ ಮತ್ತು ಹ್ಯಾಚ್‌ಬ್ಯಾಕ್ ಕಾರುಗಳಿಗೇ ಇರುವ ಒಂದು ಜಾಗ ಇದೆ. ಛಾವಣಿಯಿಂದ ಡಿಕ್ಕಿ ಬಾಗಿಲಿಗೆ ಹೋಗುವ ವೈರುಗಳು ಒಂದು ಸುಕ್ಕು ರಬ್ಬರ್ ನಳಿಗೆಯೊಳಗಿಂದ ಹಾದು ಹೋಗುತ್ತವೆ. ಬಾಗಿಲು ಎತ್ತಿ ಇಳಿಸಿ ವರ್ಷಗಟ್ಟಲೆ ಮಡಚಿ ಮಡಚಿ ಒಳಗೆ ತಾಮ್ರ ಕಿತ್ತಿರುತ್ತದೆ. ಹಿಂದಿನ ವೈಪರ್ ಒಮ್ಮೆ ಓಡುತ್ತದೆ ಒಮ್ಮೆ ಇಲ್ಲ, ಗಾಜಿನ ಮಂಜು ಬಿಡಿಸುವ ಡಿಫಾಗರ್ ಕೆಲಸ ಮಾಡುವುದಿಲ್ಲ, ನಂಬರ್ ಪ್ಲೇಟಿನ ದೀಪ ಹತ್ತುವುದಿಲ್ಲ ಅಂದರೆ ಮೋಟರ್, ಸ್ವಿಚ್ಚು ಬದಲಿಸುವ ಮೊದಲು ಆ ನಳಿಗೆ ಬಿಚ್ಚಿ ನೋಡಿ. ಮೆತ್ತಗಿನ ವೈರ್ ತಂದು ಸೋಲ್ಡರ್ ಮಾಡುವಾಗ ಜೋಡಣೆ ಮಡಚುವ ಜಾಗದಿಂದ ದೂರ ಇರಲಿ.

ಕಾಗದಪತ್ರದ ಕೆಲಸ ಕೊಳ್ಳುವ ಮೊದಲೇ ನೋಡಿ. 10 ವರ್ಷ ದಾಟಿದ ಡೀಸೆಲ್ ಗಾಡಿ ಓಡಿಸಬಾರದು ಅನ್ನುವ ದಿಲ್ಲಿಯ ನಿಯಮ ನಮ್ಮಲ್ಲಿ ಇಲ್ಲ, ಅದನ್ನು ಹೇಳಿ ಹೆದರಿಸುವವರು ತುಂಬಾ ಜನ. ಖಾಸಗಿ ಕಾರಿನ ಆರ್‌ಸಿ 15 ವರ್ಷಕ್ಕೆ ಮುಗಿಯುತ್ತದೆ, ಆಮೇಲೆ ಗಾಡಿ ತೋರಿಸಿ 5 ವರ್ಷಕ್ಕೊಮ್ಮೆ ನವೀಕರಿಸಬೇಕು. 2022ರ ಏಪ್ರಿಲ್‌ನಿಂದ ಇದರ ಶುಲ್ಕ 600ರಿಂದ 5,000 ರೂಪಾಯಿಗೆ ಏರಿತು. 20 ವರ್ಷ ದಾಟಿದ ಕಾರಿಗೆ 2025ರಲ್ಲಿ 10,000 ಮಾಡಿದರು. ಇದರ ಮೇಲೆ ಗ್ರೀನ್ ಟ್ಯಾಕ್ಸ್ ಬೇರೆ. ಹಾಗಾಗಿ ಚೌಕಾಸಿ ಮಾಡುವಾಗ ಆರ್‌ಸಿ ಎಷ್ಟು ವರ್ಷ ಉಳಿದಿದೆ ಅನ್ನುವುದನ್ನೂ ಲೆಕ್ಕಕ್ಕೆ ಹಿಡಿಯಿರಿ. ಹಳೆ ಸಾಲದ ನಮೂದು ತೆಗೆಸಿದ್ದಾರಾ, ಹೊಸ ಎಚ್‌ಎಸ್‌ಆರ್‌ಪಿ (ಅತಿ ಸುರಕ್ಷಿತ) ನಂಬರ್ ಪ್ಲೇಟ್ ಹಾಕಿಸಿದ್ದಾರಾ ನೋಡಿ.

ಈಗ ಗಾಡಿ ಹೇಗಿದೆ? ನನಗಂತೂ ಇದರ ಮೇಲೆ ಪ್ರೀತಿ ಜಾಸ್ತಿ ಆಗಿದೆ. ಹಿಂದಿನ ಸೀಟು ಮಡಚಿದರೆ ಬ್ಯಾಡಗಿಯಿಂದ ಮೆಣಸಿನಕಾಯಿ ಚೀಲ ಆರಾಮಾಗಿ ತರಬಹುದು, ನೆಲ ತಗ್ಗಿರುವುದರಿಂದ ಚೀಲ ಎತ್ತಿ ಹಾಕಲು ಎಸ್‌ಯುವಿಯಷ್ಟು ಕಷ್ಟವಿಲ್ಲ. ಗದಗ ರಸ್ತೆಯಲ್ಲಿ ತುಂಬಿದ ಗಾಡಿ ನೆಲಕ್ಕೆ ಕಚ್ಚಿಕೊಂಡು ಹೋಗುತ್ತದೆ. ಪಿಕಪ್ ಕೇಳಬೇಡಿ, ಓವರ್‌ಟೇಕ್ ಮಾಡುವಾಗ ಟರ್ಬೊ ಎಳೆಯುವ ತನಕ ಕಾಯಬೇಕು. ಎಸಿ ಕೆಲಸ ಇನ್ನೂ ಬಾಕಿ ಇದೆ, ಕಂಡೆನ್ಸರ್ ಸೋರುತ್ತಿದೆ.

ಕೊಂಡ ದುಡ್ಡಿಗಿಂತ ಸರಿ ಮಾಡಿದ ದುಡ್ಡೇ ಹೆಚ್ಚಾಯಿತು, ಮಾರಿದರೆ ಅದು ವಾಪಸ್ ಬರುವುದಿಲ್ಲ. ಮಾರಿ ಲಾಭ ಮಾಡುವವರಿಗೆ, ದಿನಾ ಬೆಳಿಗ್ಗೆ ಆಫೀಸಿಗೆ ಇದೊಂದೇ ಗಾಡಿ ಅನ್ನುವವರಿಗೆ ನಾನು ಇದನ್ನು ಹೇಳುವುದಿಲ್ಲ. ಮನೆಯಲ್ಲಿ ಬೇರೆ ಬೈಕೋ ಕಾರೋ ಇದ್ದು, ಇಟ್ಟುಕೊಳ್ಳಲು ಬೇಕು ಅನ್ನುವವರು ಧೈರ್ಯವಾಗಿ ತನ್ನಿ. ಹಾಗೇ ಗದಗ, ಹಾವೇರಿ ಕಡೆ ಯಾವುದಾದರೂ ಗುಜರಿಯಲ್ಲಿ ಮರೀನಾದ ಬಲಗಡೆಯ ಹಿಂದಿನ ದೀಪ ಒಡೆಯದೆ ಉಳಿದಿದ್ದು ಕಂಡರೆ ದಯವಿಟ್ಟು ತಿಳಿಸಿ, ನನ್ನದಕ್ಕೆ ಸೀಳು ಬಿಟ್ಟು ನೀರು ಹೋಗುತ್ತಿದೆ, ಮಳೆಗಾಲಕ್ಕೆ ಮೊದಲು ಹಾಕಬೇಕು.