ಹುಳುಕು ಹಲ್ಲಿಗೆ ಯಾವ ಫಿಲ್ಲಿಂಗ್? ಪಕ್ಕದ ಹಲ್ಲನ್ನೂ ನೋಡಿ

ನನ್ನ ಬಾಯಲ್ಲಿ ಈಗ ಎರಡು ಥರದ ಫಿಲ್ಲಿಂಗ್ ಇವೆ. ಬಲಗಡೆ ದವಡೆ ಹಲ್ಲಿಗೆ ಕಾಂಪೋಸಿಟ್ (ಹಲ್ಲಿನ ಬಣ್ಣದ, ಪ್ಲಾಸ್ಟಿಕ್‌ನಂಥ ರಾಳ), ಎಡಗಡೆ ಗ್ಲಾಸ್ ಅಯಾನೊಮರ್ (ಗಾಜಿನ ಪುಡಿಯನ್ನು ದ್ರವದಲ್ಲಿ ಕಲಸಿ ಮಾಡುವ ಸಿಮೆಂಟ್). ಎರಡನ್ನೂ ಶಿವಮೊಗ್ಗದಲ್ಲಿ ಒಬ್ಬರೇ ಡಾಕ್ಟರ್ ಹತ್ತಿರ ಹಾಕಿಸಿಕೊಂಡಿದ್ದು.

ಕಾಂಪೋಸಿಟ್ ನೋಡೋಕೆ ಚೆಂದ. ಆಸಿಡ್ ಜೆಲ್ ಹಚ್ಚಿ ತೊಳೆದು, ಅಂಟು ಬಳಿದು, ಪದರ ಪದರವಾಗಿ ತುಂಬಿ ನೀಲಿ ಬೆಳಕು ಹಿಡಿದರು. ಕುರ್ಚಿಯಿಂದ ಏಳುವಷ್ಟರಲ್ಲಿ ಗಟ್ಟಿಯಾಗಿತ್ತು. ಚಕ್ಕುಲಿ, ಹುರಿಗಡಲೆ ಯಾವುದಕ್ಕೂ ಜಗ್ಗಿಲ್ಲ. ಆದರೆ ಗಟ್ಟಿಯಾಗುವಾಗ ಅದು ಸ್ವಲ್ಪ ಕುಗ್ಗುತ್ತದೆ. ಅಂಚಲ್ಲಿ ಸಂದು ಬಿಟ್ಟರೆ ಅಲ್ಲೇ ಮತ್ತೆ ಹುಳುಕು. ಪಕ್ಕದ ಹಲ್ಲಿಗಂತೂ ಅದರಿಂದ ಏನೂ ಸಿಗಲ್ಲ.

ಎಡಗಡೆಯದ್ದು ಬೇರೆಯೇ. ಅಲ್ಲಿ ಹುಳುಕು ಇದ್ದಿದ್ದು ಎರಡು ಹಲ್ಲು ತಾಗುವ ಸಂದಿನಲ್ಲಿ, ವಸಡಿನ ಹತ್ತಿರ. ಪಕ್ಕದ ಹಲ್ಲಿನ ಮೇಲೂ ಸುಣ್ಣದಂಥ ಬಿಳಿ ಮಚ್ಚೆ ಬಂದಿತ್ತು. ಅದು ಹುಳುಕಿನ ಶುರು, ಇನ್ನೂ ಗುಂಡಿ ಬಿದ್ದಿರಲಿಲ್ಲ. ಡಾಕ್ಟರ್ ಒಂದು ಕಾಗದದ ಮೇಲೆ ಪುಡಿಗೆ ಎರಡು ಹನಿ ದ್ರವ ಹಾಕಿ ಪ್ಲಾಸ್ಟಿಕ್ ಕಡ್ಡಿಯಲ್ಲಿ ಸರಸರ ಕಲಸಿದರು. ಆ ಹಿಟ್ಟಿನ ಹೊಳಪು ಹೋಗುವ ಮೊದಲೇ ತುಂಬಬೇಕಂತೆ. ಹೊಳಪು ಹೋದರೆ ಹಲ್ಲಿಗೆ ಸರಿಯಾಗಿ ಕಚ್ಚಲ್ಲ. ಎಂಜಲು ತಾಗದ ಹಾಗೆ ಕೆನ್ನೆಯೊಳಗೆ ಹತ್ತಿ, ಕೊನೆಗೆ ಮೇಲೊಂದು ವ್ಯಾಸಲೀನ್ ಲೇಪ.

ಇದರ ಗುಣ ಇರುವುದು ಆ ಗಾಜಿನ ಪುಡಿಯಲ್ಲಿ. ಅದರೊಳಗಿನ ಫ್ಲೋರೈಡ್ ಎಂಜಲಿಗೆ ಇಳಿಯುತ್ತದೆ. ಮೊದಲ ಒಂದೆರಡು ದಿನ ಜಾಸ್ತಿ, ಆಮೇಲೆ ನಿಧಾನಕ್ಕೆ ಕಡಿಮೆ. ಫ್ಲೋರೈಡ್ ಪೇಸ್ಟಲ್ಲಿ ಉಜ್ಜಿದರೆ ಫಿಲ್ಲಿಂಗ್ ಅದನ್ನು ಹೀರಿಕೊಂಡು ಮತ್ತೆ ಬಿಡುತ್ತದೆ. ಸಿಹಿ ತಿಂದಾಗ ಬ್ಯಾಕ್ಟೀರಿಯಾ ಮಾಡುವ ಆಮ್ಲದಿಂದ ಹಲ್ಲಿನ ಗಟ್ಟಿ ಹೊರಪದರದ, ಅಂದರೆ ಎನಾಮಲ್‌ನ, ಸುಣ್ಣದಂಶ ಕರಗುತ್ತದಲ್ವಾ, ಹಾಗೆ ಕರಗಿದ್ದು ತಿರುಗಿ ಕೂರಲು ಫ್ಲೋರೈಡ್ ನೆರವಾಗುತ್ತದೆ. ತಾಗಿಕೊಂಡಿರುವ ಹಲ್ಲಿಗೂ ಅದರ ಪಾಲು ಸಿಗುತ್ತದೆ. ಲ್ಯಾಬ್‌ನಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ. ಬಾಯೊಳಗಿನ ಅಧ್ಯಯನಗಳ ಫಲಿತಾಂಶ ಮಾತ್ರ ಒಂದೇ ಥರ ಬಂದಿಲ್ಲ. ಹಾಗಾಗಿ ಫಿಲ್ಲಿಂಗ್ ಇದೆ ಅಂತ ಬ್ರಶ್ ಬಿಡೋ ಹಾಗಿಲ್ಲ. ನನ್ನ ಬಿಳಿ ಮಚ್ಚೆ ದೊಡ್ಡದಾಗಿಲ್ಲ, ಆದರೆ ನಾನು ದಾರ ಹಾಕಿ ಸಂದು ಶುಚಿ ಮಾಡುವುದನ್ನೂ ಶುರುಮಾಡಿದ್ದೆ.

ಕೊರತೆಯೂ ಇದೆ. ಬಣ್ಣ ಮಂಕು. ಮೇಲ್ಮೈ ಆಗಲೇ ಸ್ವಲ್ಪ ಸವೆದಿದೆ. ನಮ್ಮ ಕಡೆ ಅಡಿಕೆ ಜಗಿಯುವವರು ಅಗಿಯುವ ಹಲ್ಲಿಗೆ ಇದನ್ನು ಹಾಕಿಸಿದರೆ ಬಾಳಿಕೆ ಕಷ್ಟ. ಅಂಥವರಿಗೆ ಕಾಂಪೋಸಿಟ್ಟೇ ಸರಿ.

ಕೋಲಾರ, ಪಾವಗಡದ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ ಅನ್ನೋ ಸುದ್ದಿ ಕೇಳಿದ ನಮ್ಮಮ್ಮ, ‘ಫ್ಲೋರೈಡ್ ಕೆಟ್ಟದ್ದಲ್ವೇನೋ?’ ಅಂದರು. ಅದು ವರ್ಷಗಟ್ಟಲೆ ಕುಡಿದ ನೀರಿನ ತೊಂದರೆ. ಫಿಲ್ಲಿಂಗ್‌ನಿಂದ ಇಳಿಯುವುದು ತೀರಾ ಕಡಿಮೆ, ಕೆಲಸ ಮಾಡುವುದೂ ಹಲ್ಲಿನ ಮೇಲ್ಮೈಯಲ್ಲೇ.

ಮಗಳ ದವಡೆಯ ಹಾಲುಹಲ್ಲಿಗೆ ನಾನು ಕೇಳಿ ಹಾಕಿಸಿದ್ದು ಗ್ಲಾಸ್ ಅಯಾನೊಮರನ್ನೇ. ಆ ಹಲ್ಲು ಹೇಗೂ ಬೀಳುತ್ತದೆ. ಆದರೆ ಅದರ ಹಿಂದೆಯೇ, ಅದಕ್ಕೆ ತಾಗಿಕೊಂಡು, ಆರನೇ ವಯಸ್ಸಿನ ಹೊತ್ತಿಗೆ ಹುಟ್ಟುವ ದವಡೆ ಹಲ್ಲು ಜೀವನಪೂರ್ತಿ ಬೇಕು.